ಜರಿಯ ಉಬ್ಬುಕಸೂತಿಯಲ್ಲಿ ಕೀಟದ ರಚನೆ

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಥಿತಿವಂತರ ಮನೆಯ ಹೆಣ್ಣುಮಕ್ಕಳು ಬಿಳಿಯ ಸ್ಯಾಟಿನ್ ಬಟ್ಟೆಯ ಮೇಲೆ ಉಬ್ಬುಕಸೂತಿ ಮಾಡಿ, ಅದರಿಂದ ಪೆಟ್ಟಿಗೆಗಳನ್ನೂ ಕನ್ನಡಿಯ ಚೌಕಟ್ಟುಗಳನ್ನೂ ಅಲಂಕರಿಸುತ್ತಿದ್ದರು. (ಕಸೂತಿ ಎಂಬ ಮಾತನ್ನು ಇಲ್ಲಿ ಸೂಜಿಯ ಚಿತ್ರಗೆಲಸವೆಂಬ ಸಾಮಾನ್ಯಾರ್ಥದಲ್ಲಿ ಬಳಸಿದ್ದೇವೆ.) ಈ ಕೆಲಸಕ್ಕಿರುವ 'ಸ್ಟಂಪ್‌ವರ್ಕ್' ಎಂಬ ಹೆಸರು ಬಹಳ ಈಚಿನದು. ರಾಜರಾಣಿಯರ ಪಕ್ಕದಲ್ಲಿ ಅವರ ತಲೆಯಷ್ಟು ದೊಡ್ಡ ಚಿಟ್ಟೆ, ಕಂಬಳಿಹುಳುಗಳನ್ನು ಇಲ್ಲಿ ಕಾಣುತ್ತೇವೆ. ಇದನ್ನು ಅಜ್ಞಾನವೆಂದು ಬಗೆಯಲಾಗದು. ಮುದ್ರಿತ ಚಿತ್ರಗಳಿಂದ ಒಂದೊಂದು ಆಕೃತಿಯನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡುದರ ಫಲವಿದು.

ಬೆಳ್ಳಿಯ ತೆಳುಪಟ್ಟಿಗೆ ಚಿನ್ನದ ಲೇಪ ಕೊಟ್ಟು ರೇಷ್ಮೆಯೆಳೆಗೆ ಸುತ್ತಿದುದೇ ಜರಿ. ಅದನ್ನು ಸೂಜಿಗೆ ಪೋಣಿಸಿ ಬಟ್ಟೆಯಲ್ಲಿ ಮತ್ತೆ ಮತ್ತೆ ಎಳೆದರೆ ಸುತ್ತು ಕಿತ್ತುಹೋಗುತ್ತದೆ. ಆದುದರಿಂದ ಜರಿಯನ್ನು ಬಟ್ಟೆಯ ಮೇಲೆ ಮಲಗಿಸಿ, ಜೇನುಮೇಣ ಸವರಿದ ನೂಲಿನಿಂದ ಅಡ್ಡಹೊಲಿಗೆ ಹಾಕಿ ಬಿಗಿಯುತ್ತಾರೆ. ತುದಿಗಳು ಮಾತ್ರ ಹಿಂಬದಿಗೆ ಇಳಿಯುತ್ತವೆ.

ಕೀಟದ ಒಡಲನ್ನು ಉಬ್ಬಿಸಲು ಹಿಂದಿನವರು ಉಣ್ಣೆ, ಕೂದಲುಗಳನ್ನು ತುಂಬುತ್ತಿದ್ದರು. ಇಂದಿನವರು ಫೆಲ್ಟಿನ ತುಂಡುಗಳನ್ನು ಒಂದರ ಮೇಲೊಂದು ಹೊಲಿಯುತ್ತಾರೆ. ಅತಿ ಚಿಕ್ಕದು ಅಡಿಯಲ್ಲಿ, ಅತಿ ದೊಡ್ಡದು ಮೇಲೆ; ಹೀಗಾದರೆ ಅಂಚಿನಲ್ಲಿ ಮೆಟ್ಟಿಲು ಕಾಣದೆ ಬೆನ್ನು ದುಂಡಗಾಗುತ್ತದೆ. ಇದರ ಹೊದಿಕೆ ಸುರುಳಿತಂತಿಯದು, ಎಂದರೆ ನವುರಾದ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದ ಟೊಳ್ಳು ನಳಿಕೆಯದು. ಅದನ್ನು ಅಳತೆಗೆ ಕತ್ತರಿಸಿ, ಮಣಿಯಂತೆ ಪೋಣಿಸಿ, ಒಡಲಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸಾಲಾಗಿ ಕೂರಿಸಬೇಕು. ತುಂಡು ತುಸು ಉದ್ದವಾದರೆ ನಡುವೆ ಬಿರಿಯುತ್ತದೆ. ಗಿಡ್ಡವಾದರೆ ಅಡಿಯ ಫೆಲ್ಟು ಇಣುಕುತ್ತದೆ. ಕೈ ಪಳಗಿದುದೋ ಅಲ್ಲವೋ ಎಂಬುದು ನಮ್ಮ ಎಣಿಕೆಯಲ್ಲಿ ಇಲ್ಲಿಯೇ ಗೊತ್ತಾಗುವುದು.

ರೆಕ್ಕೆಯ ಕೆಲಸ ಬೇರೆ ಬಟ್ಟೆಯಲ್ಲಿ. ರೆಕ್ಕೆಯಾಕಾರಕ್ಕೆ ಬಾಗಿಸಿದ ತಂತಿಯ ಮೇಲೆ ಕಾಜಾಹೊಲಿಗೆಯನ್ನು ಒತ್ತೊತ್ತಾಗಿ ಹಾಕಿ, ಒಳಭಾಗವನ್ನು ಎಳೆಗಳಿಂದ ತುಂಬಿ, ಹೊಲಿಗೆಗೆ ತಾಗದಂತೆ ಸುತ್ತಲೂ ಕತ್ತರಿಸುತ್ತಾರೆ. ಅನಂತರ ತಂತಿಯ ತುದಿಗಳನ್ನು ಮೂಲಬಟ್ಟೆಯಲ್ಲಿ ತೂರಿಸಿ, ಹಿಂಬದಿಯಲ್ಲಿ ಮಡಿಚಿ ಹೊಲಿಯುತ್ತಾರೆ. ರೆಕ್ಕೆ ಬಟ್ಟೆಯನ್ನು ಬಿಟ್ಟು ಮೇಲೆದ್ದು ನಿಲ್ಲುತ್ತದೆ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1660ರಲ್ಲಿ ಹುಟ್ಟಿದ ಮಾರ್ಥಾ ಎಡ್ಲಿನ್ ಎಂಬಾಕೆಯ 1668ರ ಮಾದರಿಬಟ್ಟೆಯೂ 1671ರ ಕಸೂತಿಪೆಟ್ಟಿಗೆಯೂ ಇವೆ. ಎಂಟರಿಂದ ಹನ್ನೊಂದರ ವಯಸ್ಸಿಗೆ ಆಕೆಯ ಕಲಿಕೆ ಎಷ್ಟು ಸಾಗಿತ್ತೆಂಬುದು ಇವುಗಳಿಂದ ವಿದಿತವಾಗುತ್ತದೆ. ಆದರೆ ಹೀಗೆ ದುಡಿದ ಎಷ್ಟೋ ಮಂದಿಯ ಹೆಸರೂ ಉಳಿದಿಲ್ಲ. ಅವರ ವಿಷಯದಲ್ಲಿ ದಾಖಲೆಯೆಂದರೆ ಹೊಲಿಗೆಯೊಂದೇ: ರೆಕ್ಕೆ ಉದುರಿದೆಡೆಯ ತೂತು, ಹಿಂಬದಿಯ ತಂತಿಯ ಮೋಟು, ಹೊದಿಕೆ ಹರಿದಲ್ಲಿ ಕಾಣುವ ಉಣ್ಣೆ. ಆದುದರಿಂದಲೇ ಹಳೆಯ ಕೀಟಕ್ಕೆ ಹೊಸ ರೆಕ್ಕೆ ಕೂರಿಸಿ ಅಂದಗೊಳಿಸುವುದನ್ನು ನಾವು ಒಪ್ಪಲಾರೆವು. ಕಪ್ಪಾದ ಜರಿಯನ್ನು ಉಜ್ಜಿ ಬೆಳಗುವುದಂತೂ ಕೂಡದು. ಕರೆಯೊಡನೆ ಚಿನ್ನದ ಲೇಪವೂ ಹೋಗಿ, ಸವೆದ ಪಟ್ಟಿ ರೇಷ್ಮೆಯಿಂದ ಬಿಚ್ಚಿಕೊಳ್ಳುತ್ತದೆ.