ಹಿತ್ತಿಲ ಕೊಳಕ್ಕೆ ಹೊಸ ಹೊದಿಕೆ

ಹುಟ್ಟೂರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರ ಮಕ್ಕಳು ಇನ್ನೂ ದೂರ ಸಾಗಿ ಅಮೆರಿಕದಲ್ಲಿ ಮನೆ ಮಾಡಿದ್ದಾರೆ. ಅವರಲ್ಲಿಗೆ ಹೋಗಿಬರುವ ಹಿರಿಯರನ್ನು ಬೆರಗುಗೊಳಿಸುವ ಸಂಗತಿಗಳಲ್ಲಿ ಹಿತ್ತಿಲ ಈಜುಕೊಳವೂ ಒಂದು. 16 ಅಡಿ ಅಗಲ, 32 ಅಡಿ ಉದ್ದದ ಕೊಳವೊಂದು ಸುಮಾರು 75,000 ಲೀಟರು ನೀರು ಹಿಡಿಯುತ್ತದೆ. ಕೊಡ ಹಿಡಿದು ನಲ್ಲಿಯ ಮುಂದೆ ಸರದಿ ಕಾದು ಬಲ್ಲ ನಮಗೆ ಈ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುವುದು ಸಹಜವೇ.

ಇನ್ನೂ ಸೋಜಿಗವೆಂದರೆ, ಹಲವು ಮನೆಗಳಲ್ಲಿ ಅಷ್ಟು ನೀರನ್ನು ಸೋರದಂತೆ ತಡೆದಿರುವುದು ಕಲ್ಲುಗಾರೆಯಲ್ಲ, ಒಂದು ವಿನೈಲ್ ಹಾಳೆ! ಅದರ ದಪ್ಪ ಸಾಮಾನ್ಯವಾಗಿ ಅಂಗುಲದ ಸಾವಿರ ಪಾಲಿನಲ್ಲಿ 20ರಿಂದ 30 ಪಾಲು ಮಾತ್ರ. ಉಕ್ಕಿನ ಇಲ್ಲವೆ ಪ್ಲಾಸ್ಟಿಕ್ಕಿನ ಗೋಡೆ, ಮರಳಿನ ಇಲ್ಲವೆ ತೆಳುಗಾರೆಯ ತಳ, ಇವುಗಳ ಮೇಲೆ ಹಾಸಿ ಅಂಚನ್ನು ಮೇಲಿನ ಗಾಡಿಯಲ್ಲಿ ಸಿಕ್ಕಿಸಿರುತ್ತಾರೆ.

ವಿನೈಲನ್ನು ಮೆದುವಾಗಿಡುವ ದ್ರವ್ಯವು ಬಿಸಿಲು ಮತ್ತು ಕ್ಲೋರಿನ್ನಿನ ಹೊಡೆತಕ್ಕೆ ವರ್ಷಗಳು ಕಳೆದಂತೆ ಕುಂದುತ್ತ ಹೋಗುತ್ತದೆ. ಹಾಳೆಯ ಬಣ್ಣ ಮಾಸುತ್ತದೆ, ಮೈ ಬಿರುಸಾಗುತ್ತದೆ, ನೀರಿನ ಮಟ್ಟಕ್ಕಿಂತ ಮೇಲಿನ ಭಾಗ ಮೊದಲು ಸೀಳುತ್ತದೆ. ಸುಮಾರು ಹತ್ತು ವರ್ಷವೇ ಇದರ ಆಯುಷ್ಯವೆನ್ನಬಹುದು.

ನೀರು ಇಳಿದದ್ದೆಲ್ಲ ಸೋರಿಕೆಯಲ್ಲ, ಬಿಸಿಲಿಗೆ ಆರುವುದೂ ಉಂಟು. ಪರೀಕ್ಷೆ ಸುಲಭ. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಮೆಟ್ಟಲ ಮೇಲಿಡಬೇಕು. ಬಕೆಟ್ಟಿನ ಒಳಗಿನ ಮಟ್ಟವನ್ನೂ ಹೊರಗಿನ ಕೊಳದ ಮಟ್ಟವನ್ನೂ ಗುರುತಿಸಿ ಒಂದು ದಿನ ಬಿಡಬೇಕು. ಕೊಳದ ನೀರು ಬಕೆಟ್ಟಿನದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ ನಿಜ. ಹೊಸದಾದ ಹೊದಿಕೆಯ ಒಂದು ತೂತಿಗೆ ತೇಪೆ ಸಾಕು. ಮುದಿ ಹೊದಿಕೆಗೆ ಒಂದೆಡೆ ತೇಪೆ ಹಾಕಿದರೆ ಇನ್ನೊಂದೆಡೆ ಬಿರಿಯುತ್ತದೆ.

ಆಗ ಹೊದಿಕೆಯನ್ನೇ ಬದಲಿಸಬೇಕು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಕೊಳದ ನೀರೇ ಗೋಡೆಗಳಿಗೆ ಒಳಗಿನ ಆಸರೆ. ಬಹುಕಾಲ ಬರಿದಾಗಿಟ್ಟರೆ ಹೊರಗಿನ ಮಣ್ಣೂ ಅಂತರ್ಜಲವೂ ಒತ್ತಿ ಗೋಡೆಯನ್ನೇ ಕೆಡವಬಹುದು. ಆದುದರಿಂದ ಅಳತೆಗೆ ತಕ್ಕಂತೆ ತಯಾರಾದ ಹೊಸ ಹೊದಿಕೆ ಕೈಸೇರಿದ ಮೇಲೆ, ಮಳೆಯಿಲ್ಲದ ದಿನ ನೋಡಿ ನೀರು ತೆಗೆಯುವುದು ಕ್ಷೇಮ.

ಹಳೆಯದನ್ನು ಕತ್ತರಿಸಿ ತೆಗೆದು, ತಳದ ಗುಂಡಿಗಳನ್ನು ಸಮಮಾಡಿ, ಸಣ್ಣ ಹರಳೂ ಉಳಿಯದಂತೆ ಗುಡಿಸುತ್ತಾರೆ. ಉಳಿದ ಹರಳು ಮುಂದೆ ಪಾದಕ್ಕೆ ಚುಚ್ಚುತ್ತದೆ, ಹೊದಿಕೆಗೂ ಕೇಡು. ಹೊಸ ಹಾಳೆಯನ್ನು ಸಿಕ್ಕಿಸಿದ ಮೇಲೆ ವ್ಯಾಕ್ಯೂಮ್ ಕ್ಲೀನರಿನಿಂದ ಅದರ ಹಿಂದಿನ ಗಾಳಿಯನ್ನು ಹೀರಿದರೆ ಹಾಳೆ ಗೋಡೆಗೆ ಅಂಟಿಕೊಂಡು ಸುಕ್ಕು ಬಿಡುತ್ತದೆ. ಹದವಾದ ಬಿಸಿಲಿದ್ದರೆ ವಿನೈಲು ಸುಲಭವಾಗಿ ಬಾಗುತ್ತದೆ. ಆಮೇಲೆ ನೀರು ಬಿಡಬೇಕು. ಗೋಡೆಯ ಕೊಳವೆಗಳ ಬಾಯಿಗಳಲ್ಲಿ ಹಾಳೆಯನ್ನು ಕೊರೆಯುವ ಕೆಲಸ, ನೀರಿನ ಭಾರಕ್ಕೆ ಹಾಳೆ ಸರಿಯಾಗಿ ಕುಳಿತ ನಂತರವೇ. ಮೊದಲೇ ಕೊರೆದರೆ ಹಾಳೆ ಎಳೆದುಕೊಂಡು ತೂತು ಜಾಗ ತಪ್ಪುತ್ತದೆ, ಹೊಸ ಹೊದಿಕೆಯೂ ವ್ಯರ್ಥವಾಗುತ್ತದೆ.

ಎಲ್ಲಕ್ಕೂ ಮಿಗಿಲಾದ ಮಾತೊಂದಿದೆ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಮುಖ್ಯ ಕಾರಣ. ತಳದ ಕಿಂಡಿಯ ಸೆಳೆತಕ್ಕೆ ಮಕ್ಕಳ ಕೂದಲು, ಮೈ ಸಿಕ್ಕಿಕೊಂಡ ದುರಂತಗಳ ತರುವಾಯ, ಅಲ್ಲಿ ಮಾರುವ ಕಿಂಡಿ ಮುಚ್ಚಳಗಳು ಸುರಕ್ಷಿತ ಮಾದರಿಯವೇ ಇರಬೇಕೆಂದು 2007ರಲ್ಲಿ ಕಾನೂನಾಯಿತು. 2008ರ ಡಿಸೆಂಬರಿನಿಂದ ಅದು ಜಾರಿಗೆ ಬಂತು. ಹೊದಿಕೆ ಬದಲಿಸುವಾಗ ಹಳೆಯ ಮುಚ್ಚಳವನ್ನೂ ಬದಲಿಸಲು ಇದೇ ಸುಸಮಯ.

ಮೊಮ್ಮಕ್ಕಳನ್ನು ನೋಡಲು ಹೋಗುವ ಅಜ್ಜ ಅಜ್ಜಿಯರು ಕೆಲಸಗಾರರಿಗೆ ಬುದ್ಧಿ ಹೇಳಬೇಕಾಗಿಲ್ಲ. ಕೊಳದ ಬೇಲಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯೇ, ಅಗಳಿ ಭದ್ರವಾಗಿದೆಯೇ ಎಂದು ನೋಡಿದರೆ ಸಾಕು. ಹೊದಿಕೆ ಹರಿದರೆ ಹೊಸದು ತರಬಹುದು. ಮಗುವಿನ ಮೇಲಿನ ಕಣ್ಣು ಮಾತ್ರ ಕ್ಷಣವೂ ತಪ್ಪಬಾರದು.