ಏಕವ್ಯಕ್ತಿ ಧ್ವನಿಮುದ್ರಿಕೆ ಮತ್ತು ಕರ್ತೃತ್ವದ ಪ್ರಶ್ನೆ: ಬ್ಯೋರ್ಕ್ ಅವರ ‘ಡೆಬ್ಯು’

ಧ್ವನಿಮುದ್ರಿತ ಹಾಡಿನ ಕರ್ತೃ ಯಾರು ಎಂಬ ಪ್ರಶ್ನೆಯು ಲಿಖಿತ ಪಠ್ಯದ ಕರ್ತೃತ್ವದ ಪ್ರಶ್ನೆಗಿಂತ ಜಟಿಲವಾದುದು. ತಂಡವೊಂದರ ಗಾಯಕಿ ಸ್ವಂತ ಹೆಸರಿನಲ್ಲಿ ಹೊರತಂದ ಧ್ವನಿಮುದ್ರಿಕೆಯನ್ನು ನಿರ್ಮಾಪಕನೊಬ್ಬನ ಸಹಯೋಗದಲ್ಲಿ ರೂಪಿಸಿದಾಗ ಈ ಜಟಿಲತೆ ಎದ್ದುಕಾಣುತ್ತದೆ. ಐಸ್‌ಲ್ಯಾಂಡಿನ ಬ್ಯೋರ್ಕ್ ಅವರ ‘ಡೆಬ್ಯು’ (1993) ಇದಕ್ಕೆ ನಿದರ್ಶನ.

ರೇಕ್ಯಾವಿಕ್‌ನಲ್ಲಿ 1986ರಲ್ಲಿ ಹುಟ್ಟಿದ ‘ಶುಗರ್‌ಕ್ಯೂಬ್ಸ್’ ರಾಕ್ ತಂಡದ ಗಾಯಕಿಯಾಗಿದ್ದ ಬ್ಯೋರ್ಕ್, 1992ರಲ್ಲಿ ತಂಡ ವಿಸರ್ಜನೆಗೊಂಡ ಮೇಲೆ ನೆಲೀ ಹೂಪರ್ ಅವರೊಡನೆ ಈ ಕೃತಿಯನ್ನು ಸಿದ್ಧಪಡಿಸಿದರು. ಹೂಪರ್ ‘ಸೋಲ್ ಟು ಸೋಲ್’ ತಂಡದ ಮೂಲಕ ಹೆಸರಾದವರು. ಇಲ್ಲಿ ‘ನಿರ್ಮಾಪಕ’ ಎಂದರೆ ನಮ್ಮ ಚಿತ್ರರಂಗದ ಅರ್ಥದಲ್ಲಿ ಬಂಡವಾಳ ಹೂಡುವವನಲ್ಲ. ಲಯ, ನಾದದ ಬಣ್ಣ, ವಾದ್ಯಗಳ ವಿನ್ಯಾಸಗಳನ್ನು ನಿರ್ಣಯಿಸುವವನು. ‘ಡೆಬ್ಯು’ ಎಂದರೆ ಪ್ರಥಮ ಪ್ರವೇಶ. ಆದರೆ ಬ್ಯೋರ್ಕ್ ಅವರ ಹೆಸರಿನ ಧ್ವನಿಮುದ್ರಿಕೆಯೊಂದು ಅವರ ಬಾಲ್ಯದಲ್ಲಿಯೇ, 1977ರಲ್ಲಿ, ಪ್ರಕಟವಾಗಿತ್ತು. ಆದುದರಿಂದ ಈ ಶೀರ್ಷಿಕೆಯನ್ನು ಕಾಲಸೂಚಕವಾಗಿ ಅಲ್ಲ, ಸ್ವಂತ ಧ್ವನಿಯ ಘೋಷಣೆಯಾಗಿ ಗ್ರಹಿಸಬೇಕಾಗುತ್ತದೆ.

ಈ ‘ಸ್ವಂತ’ವು ಹಲವರಿಂದ ಕೂಡಿದುದು. ಮನುಷ್ಯರ ವರ್ತನೆಯನ್ನು ಹೊರಗಿನಿಂದ ನೋಡಿ ಬೆರಗಾಗುವ ‘ಹ್ಯೂಮನ್ ಬಿಹೇವಿಯರ್’ ಗೀತೆಯ ರಚನೆಯಲ್ಲಿ ಹೂಪರ್ ಸಹಭಾಗಿ. ‘ವೀನಸ್ ಆ್ಯಸ್ ಎ ಬಾಯ್’ ಗೀತೆಯ ರಚನೆ ಬ್ಯೋರ್ಕ್ ಒಬ್ಬರದು. ಅದರ ತಂತಿವಾದ್ಯಗಳ ಸಂಯೋಜನೆ ತಲ್ವಿನ್ ಸಿಂಗ್ ಅವರದು, ನುಡಿಸಿದವರು ಭಾರತೀಯ ಚಲನಚಿತ್ರ ಸಂಗೀತದ ವಾದಕರು. ‘ದಿ ಆ್ಯಂಕರ್ ಸಾಂಗ್’ನಲ್ಲಿ ಹೂಪರ್ ಇಲ್ಲ, ಆಲಿವರ್ ಲೇಕ್ ಸಂಯೋಜಿಸಿದ ಸ್ಯಾಕ್ಸೋಫೋನುಗಳ ನಡುವೆ ಗಾಯಕಿಯ ಕಂಠ ಮಾತ್ರವಿದೆ. ಹೀಗೆ ಸಹಯೋಗದ ಪ್ರಮಾಣ ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಹಾಡುಗಳನ್ನು ಒಂದಾಗಿ ಹಿಡಿದಿರುವುದು ಪದವನ್ನು ಒಡೆದು, ಎಳೆದು, ಉಸಿರನ್ನೂ ಅರ್ಥದ ಭಾಗವಾಗಿಸುವ ಆಕೆಯ ಉಚ್ಚಾರಣೆ.

ಸಹಯೋಗವನ್ನು ಗುರುತಿಸುವುದು ಅಗತ್ಯ. ಆದರೆ ಅದರಲ್ಲಿ ಅಪಾಯವೂ ಇದೆ. ತಮ್ಮ ಕೆಲಸದ ಶ್ರೇಯಸ್ಸು ಜೊತೆಗಿದ್ದ ಪುರುಷರಿಗೆ ಸಲ್ಲುತ್ತಿರುವುದನ್ನು ಬ್ಯೋರ್ಕ್ 2015ರ ಸಂದರ್ಶನವೊಂದರಲ್ಲಿ ವಿರೋಧಿಸಿದರು. ಸ್ತ್ರೀಯ ಕೃತಿಯ ಹಿಂದೆ ಪುರುಷನ ಕೈಯನ್ನು ಹುಡುಕುವ ಪ್ರವೃತ್ತಿ ಸಾಹಿತ್ಯಚರಿತ್ರೆಗೂ ಅಪರಿಚಿತವಲ್ಲ. ಇದಕ್ಕೆ ಪರಿಹಾರ ಒಂಟಿ ಪ್ರತಿಭೆಯ ಕಲ್ಪನೆಗೆ ಮರಳುವುದಲ್ಲ; ಯಾರು ಏನನ್ನು ಮಾಡಿದರೆಂದು ಹಾಡುಹಾಡಾಗಿ ವಿಂಗಡಿಸಿ ಕೇಳುವುದು.

ನಿಸಾರ್ ಅಹಮದರ ಕಾವ್ಯ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಗಳು ಕೂಡಿದ ‘ನಿತ್ಯೋತ್ಸವ’ದಂಥ ಭಾವಗೀತೆಗಳ ಅಧ್ಯಯನಕ್ಕೂ ಈ ವಿಧಾನ ಉಪಯುಕ್ತ. ಅಲ್ಲಿಯೂ ಮುದ್ರಿತ ಪಠ್ಯವೇ ಹಾಡಿನ ಪೂರ್ಣ ಪಠ್ಯವಲ್ಲ.