ಪೊರಕೆ ಅದೇ, ಸಂಬಳ ಹೊಸದು

1972ರ ಜೂನ್‌ನಲ್ಲಿ ಇಟಲಿಯ ತ್ರಿಯೆಸ್ತೆ ಪ್ರಾಂತ್ಯದ ಅಧ್ಯಕ್ಷರ ಕಚೇರಿಗೆ ಒಂದು ಕುದುರೆಯ ಅರ್ಜಿ ಬಂತು. ಅರ್ಜಿದಾರನ ಹೆಸರು ಮಾರ್ಕೊ. ಊರಿನ ಹುಚ್ಚಾಸ್ಪತ್ರೆಯಲ್ಲಿ 1959ರಿಂದ ಬಟ್ಟೆಯ ಗಾಡಿ ಎಳೆಯುತ್ತಿದ್ದ ಕುದುರೆ ಅದು. ಅದರ ಜಾಗಕ್ಕೆ ಮೋಟಾರು ಗಾಡಿ ತರುವುದೆಂದು ತೀರ್ಮಾನವಾಗಿ, ಮುದಿ ಕುದುರೆಯನ್ನು ಕಸಾಯಿಖಾನೆಗೆ ಸಾಗಿಸುವ ಏರ್ಪಾಡು ನಡೆದಿತ್ತು. ಇಷ್ಟು ವರ್ಷ ನಿಯತ್ತಾಗಿ ದುಡಿದಿದ್ದೇನೆ, ಉಳಿದ ದಿನ ಮೇಯ್ದುಕೊಂಡಿರಲು ಬಿಡಿ ಎಂಬ ಧಾಟಿಯ ಆ ಪತ್ರವನ್ನು ಕುದುರೆಯ ಪರವಾಗಿ ಬರೆದವರು ಆಸ್ಪತ್ರೆಯ ರೋಗಿಗಳು. ಅಧ್ಯಕ್ಷ ಮಿಕೆಲೆ ಝನೆತ್ತಿ ತಮಾಷೆಯೆಂದು ಪಕ್ಕಕ್ಕಿಡಲಿಲ್ಲ. ಪ್ರಾಂತೀಯ ಆಡಳಿತ ಒಪ್ಪಿತು, ಮಾರ್ಕೊ ಬದುಕಿತು.

ಪತ್ರ ಬರೆದವರೂ ಅದೇ ಆವರಣದಲ್ಲಿ ವರ್ಷಗಟ್ಟಲೆ ದುಡಿದವರೇ. ವಾರ್ಡಿನ ಕಸ ಗುಡಿಸಿದ್ದರು, ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದ್ದರು, ಆ ಕುದುರೆ ಎಳೆಯುತ್ತಿದ್ದ ಬಟ್ಟೆಯನ್ನೇ ಒಗೆದಿದ್ದರು. ಅದಕ್ಕೆ ಸಿಗುತ್ತಿದ್ದದ್ದು ಕೈಖರ್ಚಿಗೆ ನಾಲ್ಕು ಕಾಸು, ಸಿಗರೇಟು. ಆಸ್ಪತ್ರೆಯ ಕಡತದಲ್ಲಿ ಅದನ್ನು ಕೆಲಸವೆಂದು ಬರೆಯುತ್ತಲೇ ಇರಲಿಲ್ಲ, ಚಿಕಿತ್ಸೆ ಎಂದು ಬರೆಯುತ್ತಿದ್ದರು. ಯೂರೋಪಿನ, ಅಮೆರಿಕದ, ಬ್ರಿಟಿಷರು ನಮ್ಮಲ್ಲಿ ಕಟ್ಟಿದ ಹುಚ್ಚಾಸ್ಪತ್ರೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಗುಡಿಸುವವರು, ತೋಟ ಮಾಡುವವರು, ಹಸು ಕಟ್ಟುವವರು ರೋಗಿಗಳೇ. ಆಸ್ಪತ್ರೆ ಅವರ ದುಡಿಮೆಯ ಮೇಲೆ ನಡೆಯುತ್ತಿತ್ತು. ಆದರೆ ಹೊರಗೆ ಹೋಗಿ ಬದುಕುತ್ತೇನೆ ಎಂದರೆ, ನಿನ್ನಿಂದ ಕೆಲಸ ಆಗದು ಎಂಬ ಉತ್ತರ ಸಿದ್ಧವಿರುತ್ತಿತ್ತು. ಈ ಎರಡು ಮಾತೂ ಒಂದೇ ಬಾಯಲ್ಲಿ ಬರುವುದು ಹೇಗೆಂದು ಯಾರೂ ಕೇಳಿರಲಿಲ್ಲ.

ಕೇಳಿದವರು ಫ್ರಾಂಕೊ ಬಸಾಲ್ಯ. 1924ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ ಇವರು, ವಿದ್ಯಾರ್ಥಿಯಾಗಿದ್ದಾಗ ಫ್ಯಾಸಿಸ್ಟರ ವಿರುದ್ಧ ನಿಂತು ಜೈಲು ಕಂಡಿದ್ದರು. ಪದುವಾ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿ, 1961ರಲ್ಲಿ ಗೊರಿಝಿಯ ಎಂಬ ಗಡಿಯೂರಿನ ಆಸ್ಪತ್ರೆಗೆ ನಿರ್ದೇಶಕರಾಗಿ ಹೋದರು. ಜೈಲಿನ ಒಳಗನ್ನು ಕಂಡಿದ್ದವರಿಗೆ ಆಸ್ಪತ್ರೆಯ ಒಳಗೆ ಕಾಲಿಟ್ಟ ಕೂಡಲೇ ಅದರ ಗುರುತು ಹತ್ತಿತು. ಹಿಂದಿನ ರಾತ್ರಿ ಯಾರ್‍ಯಾರನ್ನು ಮಂಚಕ್ಕೆ ಕಟ್ಟಲಾಗಿತ್ತು ಎಂಬ ದಾಖಲೆ ಪುಸ್ತಕವನ್ನು ಮೇಲ್ವಿಚಾರಕರು ಸಹಿಗೆಂದು ತಂದಿಟ್ಟಾಗ ಅವರು ಸಹಿ ಹಾಕಲಿಲ್ಲ. ಅವರ ಹೆಸರಿನ ಸುತ್ತ ಬೆಳೆದ ಎಲ್ಲ ಕಥೆಗಳಿಗೂ ಮೊದಲ ಪುಟ ಆ ಹಾಕದ ಸಹಿ.

ಆಗ ಇಟಲಿಯಲ್ಲಿ ಜಾರಿಯಲ್ಲಿದ್ದದ್ದು 1904ರ ಕಾನೂನು. ತನಗೋ ಪರರಿಗೋ ಅಪಾಯಕಾರಿಯಾದವನನ್ನು, ಅಥವಾ ಸಾರ್ವಜನಿಕವಾಗಿ ಮುಜುಗರ ತರುವವನನ್ನು ಒಳಗೆ ಹಾಕಬಹುದಿತ್ತು. ದಾಖಲಾದವನ ಹೆಸರು ಅಪರಾಧಿಗಳ ದಾಖಲಾತಿಗೂ ಸೇರುತ್ತಿತ್ತು. ಆಮೇಲೆ ಅವನ ಸಹಿಗೆ ಬೆಲೆಯಿಲ್ಲ, ಆಸ್ತಿಯ ಮೇಲೆ ಹಿಡಿತವಿಲ್ಲ. ಗೊರಿಝಿಯದಲ್ಲಿ ಬಸಾಲ್ಯ ಬೀಗ ತೆಗೆಸಿದರು, ರೋಗಿಗಳೂ ದಾದಿಯರೂ ವೈದ್ಯರೂ ಒಂದೇ ಕೋಣೆಯಲ್ಲಿ ಕೂತು ವಾದಿಸುವ ಸಭೆ ನಡೆಸಿದರು. 1968ರಲ್ಲಿ ದೇಶವೇ ಅವರತ್ತ ತಿರುಗಿತು. ಅದೇ ವರ್ಷ, ಒಂದು ದಿನದ ರಜೆಯ ಮೇಲೆ ಮನೆಗೆ ಹೋದ ರೋಗಿಯೊಬ್ಬ ಹೆಂಡತಿಯನ್ನು ಕೊಂದ. ಬಸಾಲ್ಯರ ಮೇಲೆ ಮೊಕದ್ದಮೆ ಹೂಡಲಾಯಿತು, ಕೊನೆಗೆ ಖುಲಾಸೆಯಾಯಿತು. ಬಸಾಲ್ಯರನ್ನು ಹೊಗಳುವ ಬರಹಗಳು ಈ ಘಟನೆಯನ್ನು ಬೇಗ ದಾಟಿಬಿಡುತ್ತವೆ. ದಾಟಬಾರದು. ಬಾಗಿಲು ತೆರೆಯುವುದರಲ್ಲಿ ಅಪಾಯವಿಲ್ಲ ಎಂದು ಅವರು ನಂಬಿರಲಿಲ್ಲ, ಅಪಾಯವನ್ನು ಹೊರುವ ಹೊಣೆ ಯಾರದು ಎಂದು ಕೇಳಿದ್ದರು, ಅಷ್ಟೇ.

1971ರಲ್ಲಿ ಝನೆತ್ತಿ ಬಸಾಲ್ಯರನ್ನು ತ್ರಿಯೆಸ್ತೆಗೆ ಕರೆಸಿಕೊಂಡರು. ಸಾನ್ ಜೊವಾನ್ನಿ ಗುಡ್ಡದ ಇಳಿಜಾರಿನಲ್ಲಿ 1908ರಲ್ಲಿ, ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಕಾಲದಲ್ಲಿ ತೆರೆದ ಆಸ್ಪತ್ರೆ ಅದು. ಮರಗಳ ನಡುವೆ ಹರಡಿಕೊಂಡ ವಾರ್ಡುಗಳು, ಸುಮಾರು 1,200 ರೋಗಿಗಳು. ಬಹುಪಾಲು ಮಂದಿ ಕಡ್ಡಾಯವಾಗಿ ದಾಖಲಾದವರು.

ಹೊರಗೆ ಕಳಿಸಬೇಕು ಎಂದರೆ ಎಲ್ಲಿಗೆ, ಏನು ತಿನ್ನಲು, ಎಂಬ ಪ್ರಶ್ನೆ ಬರುತ್ತದೆ. ಸುಧಾರಕರಲ್ಲಿ ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಬಿಡುಗಡೆಯ ಪತ್ರ ಕೊಟ್ಟು ಕೈತೊಳೆದುಕೊಂಡ ಊರುಗಳಲ್ಲಿ ರೋಗಿಗಳು ಬಸ್ ನಿಲ್ದಾಣಕ್ಕೋ ಜೈಲಿಗೋ ಹೋಗಿ ಸೇರಿದ್ದಾರೆ. ತ್ರಿಯೆಸ್ತೆಯಲ್ಲಿ ಮೊದಲು ರೋಗಿಗಳ ಕಾನೂನಿನ ಸ್ಥಾನವನ್ನೇ ಬದಲಿಸಿದರು. ಬಿಡುಗಡೆಗೆ ಅರ್ಹನಾದರೂ ಹೋಗಲು ಮನೆಯಿಲ್ಲದವನನ್ನು ‘ಅತಿಥಿ’ ಎಂದು ದಾಖಲಿಸಿದರು. ಅವನು ಅದೇ ಆವರಣದಲ್ಲಿ ಮಲಗುತ್ತಾನೆ, ಉಣ್ಣುತ್ತಾನೆ. ಆದರೆ ರೋಗಿಯಲ್ಲ, ಪೌರ. ಅವನ ಸಹಿಗೆ ಮತ್ತೆ ಬೆಲೆ ಬಂತು.

1972ರ ಕೊನೆಗೆ ಹುಟ್ಟಿದ ಕಾರ್ಮಿಕರ ಸಹಕಾರ ಸಂಘ ಈ ಬೆಲೆಬಂದ ಸಹಿಗಳ ಮೇಲೆ ನಿಂತದ್ದು. ಸುಮಾರು 60 ಜನ ಸದಸ್ಯರು. ಇವರೆಲ್ಲ ಅಲ್ಲಿಯವರೆಗೆ ಚಿಕಿತ್ಸೆಯ ಹೆಸರಿನಲ್ಲಿ ಗುಡಿಸುತ್ತ ಬಂದವರೇ. ಸಂಘ ಪ್ರಾಂತೀಯ ಆಡಳಿತದೊಂದಿಗೆ ಆಸ್ಪತ್ರೆಯ ಸ್ವಚ್ಛತೆಯ ಗುತ್ತಿಗೆ ಮಾಡಿಕೊಂಡಿತು. ಸಂಬಳ ಕಾರ್ಮಿಕ ಸಂಘಟನೆಯ ಒಪ್ಪಂದದಲ್ಲಿದ್ದ ದರದಂತೆ. ಅಂದರೆ ಅದೇ ಓಣಿ, ಅದೇ ಪೊರಕೆ, ಅದೇ ಬಕೆಟ್ಟು. ತಿಂಗಳ ಕೊನೆಗೆ ಕೈಗೆ ಬರುವುದು ಮಾತ್ರ ಬೇರೆ. ‘ಚಿಕಿತ್ಸೆ’ ಪಡೆಯುತ್ತಿದ್ದವನು ಈಗ ರಜೆ ಕೇಳಬಹುದು, ಮುಷ್ಕರ ಹೂಡಬಹುದು, ಕೆಲಸ ಬೇಡವೆಂದು ಬಿಡಲೂಬಹುದು.

ಇದು ದಾನಧರ್ಮವಾಗಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಹುಚ್ಚಾಸ್ಪತ್ರೆಯವರು ಸಹಕಾರಿ ಸಂಸ್ಥೆಯ ಸದಸ್ಯರಾಗುವುದೆಂದರೇನು, ಸಂಘ ನೋಂದಣಿಯಾಗುವುದು ಹೇಗೆ ಎಂಬ ತೊಡಕುಗಳೆಲ್ಲ ಎದ್ದವು. ಸಹಕಾರಿ ಇಲಾಖೆಯ ಮೆಟ್ಟಿಲು ಹತ್ತಿಳಿದ ನಮ್ಮ ಹಳ್ಳಿಯ ಹಾಲಿನ ಡೇರಿ ಕಾರ್ಯದರ್ಶಿಗಳಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ.

1973ರ ಆರಂಭದಲ್ಲಿ ಖಾಲಿಯಾಗಿದ್ದ ವಾರ್ಡೊಂದರಲ್ಲಿ ರೋಗಿಗಳೂ ಕಲಾವಿದರೂ ಸೇರಿ ಮರ, ಕಾಗದಗಳಿಂದ ದೊಡ್ಡದೊಂದು ನೀಲಿ ಕುದುರೆ ಮಾಡಿದರು. ಅದಕ್ಕೂ ಮಾರ್ಕೊನದೇ ಹೆಸರು, ಹೊಟ್ಟೆಯೊಳಗೆ ತುಂಬಿದ್ದು ರೋಗಿಗಳ ಆಸೆಗಳು. ಊರಿಗೆ ಮೆರವಣಿಗೆ ಹೊರಡಿಸಿದಾಗ ಕುದುರೆ ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲನ್ನೇ ಒಡೆದು ಹೊರಗೆ ತಂದರು. ಜಗತ್ತಿನ ಪತ್ರಿಕೆಗಳು ಇಂದಿಗೂ ಅಚ್ಚು ಹಾಕುವುದು ಆ ಚಿತ್ರವನ್ನೇ. ಸಂಘದ ಸಂಬಳದ ಪಟ್ಟಿಯ ಚಿತ್ರ ಯಾರೂ ಹಾಕುವುದಿಲ್ಲ. ನನ್ನನ್ನು ಕೇಳಿದರೆ ಗೋಡೆ ಬಿದ್ದದ್ದು ಆ ಪಟ್ಟಿಯಿಂದ.

ಮುಂದಿನದು ಬೇಗ ಬೇಗ ನಡೆಯಿತು. 1975ರಿಂದ ಊರೊಳಗೆ ಮಾನಸಿಕ ಆರೋಗ್ಯ ಕೇಂದ್ರಗಳು ಶುರುವಾದವು. 1977ರ ಆರಂಭದಲ್ಲಿ ಬಸಾಲ್ಯ ಆಸ್ಪತ್ರೆಯನ್ನು ಮುಚ್ಚುವುದಾಗಿ ಸಾರಿದರು. 1978ರ ಮೇ 13ರಂದು ಇಟಲಿಯ ಸಂಸತ್ತು 180ನೇ ಕಾನೂನನ್ನು ಅಂಗೀಕರಿಸಿ ಹೊಸ ಹುಚ್ಚಾಸ್ಪತ್ರೆ ಕಟ್ಟುವುದನ್ನೇ ನಿಷೇಧಿಸಿತು. ಇದನ್ನು ಬಸಾಲ್ಯ ಕಾನೂನೆಂದೇ ಕರೆಯುತ್ತಾರೆ, ಆದರೆ ಕರಡು ಮಾಡಿದವರು ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಸಂಸದ, ಮನೋವೈದ್ಯ ಬ್ರೂನೊ ಒರ್ಸಿನಿ. 1980ರಲ್ಲಿ ಮಿದುಳಿನ ಗೆಡ್ಡೆಯಿಂದ ಬಸಾಲ್ಯ ತೀರಿಕೊಂಡರು, 56 ವರ್ಷ. ಉಳಿದ ಹುಚ್ಚಾಸ್ಪತ್ರೆಗಳೆಲ್ಲ ಖಾಲಿಯಾಗುವ ಹೊತ್ತಿಗೆ 1990ರ ದಶಕವೇ ಮುಗಿಯುತ್ತ ಬಂದಿತ್ತು.

ಕೆಲಸದ ಎಳೆಯನ್ನು ಮುಂದಕ್ಕೆ ಹಿಡಿದವರು ತ್ರಿಯೆಸ್ತೆಯಲ್ಲಿ ಬಸಾಲ್ಯರ ನಂತರ ಬಂದ ಫ್ರಾಂಕೊ ರೊತೆಲ್ಲಿ. ರೋಗಿಗೆ ಹೊತ್ತು ಕಳೆಯಲೊಂದು ಚಟುವಟಿಕೆ ಕೊಟ್ಟರೆ ಸಾಲದು, ಸಂತೆಯಲ್ಲಿ ನಿಂತು ಮಾರಬಲ್ಲ ಸರಕಿರಬೇಕು ಎಂಬುದು ಅವರ ವಾದ. ಹಾಗೆ ಹಳೆಯ ಆಸ್ಪತ್ರೆಯ ಉದ್ಯಾನದೊಳಗೇ ‘ಸ್ಟ್ರಾಬೆರಿಗಳ ತಾಣ’ ಎಂಬ ಹೆಸರಿನ ಬಾರು-ಹೋಟೆಲು ಬಂತು. ಊರಿನವರು ಅಲ್ಲಿಗೆ ಕನಿಕರದಿಂದಲ್ಲ, ಕಾಫಿಗೆಂದು ಬರುತ್ತಾರೆ. ಆ ಉದ್ಯಾನದಲ್ಲಿ ಈಗ ಸಾವಿರಾರು ಗುಲಾಬಿ ಗಿಡಗಳಿವೆ, ನೋಡಿಕೊಳ್ಳುವುದು ಸಹಕಾರ ಸಂಘ. ಪಕ್ಕದ ಪೊರ್ದೆನೋನೆಯಲ್ಲಿ 1981ರಲ್ಲಿ ಹುಟ್ಟಿದ ನೊಂಚೆಲ್ಲೊ ಸಹಕಾರಿಯ ಕಥೆ 2008ರಲ್ಲಿ ‘ಸಿ ಪುವೊ ಫಾರೆ’ ಎಂಬ ಸಿನಿಮಾ ಆಯಿತು. ಲಕೋಟೆಗೆ ಅಂಚೆಚೀಟಿ ಅಂಟಿಸುತ್ತ ಕೂತಿದ್ದವರು ಮರದ ನೆಲಹಾಸು ಜೋಡಿಸುವ ಕೆಲಸಗಾರರಾಗುವ ಚಿತ್ರ. ನಗಿಸುತ್ತದೆ, ಆದರೆ ಕೆಲಸಗಾರರಲ್ಲೊಬ್ಬನ ಸಾವನ್ನು ಮುಚ್ಚಿಡುವುದಿಲ್ಲ.

ಊರೂರಿನ ಇಂಥ ಸಂಘಗಳಿಗೆ 1991ರಲ್ಲಿ 381ನೇ ಕಾನೂನು ಬಲ ಕೊಟ್ಟಿತು. ಸಂಘದ ಕೆಲಸಗಾರರಲ್ಲಿ ಕನಿಷ್ಠ ಶೇ 30ರಷ್ಟು ಮಂದಿ ಮಾನಸಿಕ ರೋಗಿಗಳು, ಅಂಗವಿಕಲರು, ವ್ಯಸನದಿಂದ ಹೊರಬಂದವರು, ಕೈದಿಗಳು ಮೊದಲಾದವರಾಗಿದ್ದರೆ, ಅವರ ಪಾಲಿನ ವಿಮೆ-ಪಿಂಚಣಿ ವಂತಿಗೆಯನ್ನು ಸಂಘ ಕಟ್ಟಬೇಕಿಲ್ಲ. ಇಂತಿಷ್ಟು ಮೊತ್ತದವರೆಗಿನ ಸರ್ಕಾರಿ ಗುತ್ತಿಗೆಯನ್ನು ನೇರವಾಗಿ ಇಂಥ ಸಂಘಕ್ಕೇ ಕೊಡಬಹುದು. ಈ ಎರಡನೆಯದೇ ಮುಖ್ಯ. ಪುರಸಭೆಗೆ ಹೇಗೂ ಪಾರ್ಕು ಗುಡಿಸುವವರು ಬೇಕು, ಶಾಲೆಗೆ ಅಡುಗೆಯವರು ಬೇಕು. ಆ ಹಣ ಇತ್ತ ಹರಿಯಿತು.

ಸಂಬಳ ಬಂದ ಮಾತ್ರಕ್ಕೆ ಸ್ಕಿಜೋಫ್ರೇನಿಯಾ ವಾಸಿಯಾಗುತ್ತದೆ ಎಂದು ಯಾರೂ ಹೇಳಿಲ್ಲ. ಕಿವಿಯಲ್ಲಿ ಕೇಳುವ ಧ್ವನಿ ಸಂಬಳದ ದಿನವೂ ಕೇಳಬಹುದು. ಮಾತ್ರೆ ಬೇಕು, ಮಾತ್ರೆಯ ಮಂಪರಿನಿಂದ ಬೆಳಗ್ಗೆ ಏಳಲಾಗದ ದಿನವನ್ನು ಸಂಭಾಳಿಸುವವರೂ ಬೇಕು. ತ್ರಿಯೆಸ್ತೆಯ ಕೇಂದ್ರಗಳು ಹಗಲೂ ರಾತ್ರಿಯೂ ತೆರೆದಿರುವಂತೆ ಬೆಳೆದದ್ದು ಇದಕ್ಕೇ. ಒಂದೊಂದರಲ್ಲಿ ಆರೆಂಟು ಹಾಸಿಗೆ, ಬಾಗಿಲಿಗೆ ಬೀಗವಿಲ್ಲ. ನಾಲ್ಕು ದಿನ ಅಲ್ಲಿ ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹೋಗಬಹುದು.

ಇನ್ನೊಂದು ಆಕ್ಷೇಪವಿದೆ, ಅದು ನಿಜಕ್ಕೂ ಗಟ್ಟಿ. ರೋಗಿಗಳೇ ಹೆಚ್ಚಿರುವ ಸಂಘವೂ ಒಂದು ಆವರಣವೇ ಅಲ್ಲವೆ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಮೊದಲು ತರಬೇತಿ, ಆಮೇಲೆ ನೌಕರಿ ಎಂಬ ಕ್ರಮವನ್ನೇ ತಿರುಗಿಸಿದರು. ಕೆಲಸ ಬೇಕು ಎಂದವನಿಗೆ, ಅವನ ಕಾಯಿಲೆ ಎಷ್ಟು ತೀವ್ರ ಎಂದು ಅಳೆಯದೆ, ಎಲ್ಲರಂತೆ ಸಾಮಾನ್ಯ ಮಾರುಕಟ್ಟೆಯಲ್ಲೇ ಬೇಗ ಕೆಲಸ ಹುಡುಕುವುದು. ಹುಡುಕಿಕೊಡುವವರು ವೈದ್ಯರ ತಂಡದಲ್ಲೇ ಕೂರುವುದು. ಕೆಲಸ ಸಿಕ್ಕ ಮೇಲೂ ಜೊತೆ ಬಿಡದಿರುವುದು. ಲಂಡನ್, ಉಲ್ಮ್, ರಿಮಿನಿ, ಜ್ಯೂರಿಕ್, ಗ್ರೋನಿಂಗೆನ್, ಸೋಫಿಯಾ ನಗರಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ 312 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2007ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹೊಸ ವಿಧಾನದಲ್ಲಿ ಶೇ 55ರಷ್ಟು ಜನರಿಗೆ ಒಂದು ದಿನವಾದರೂ ನೌಕರಿ ಸಿಕ್ಕಿತ್ತು, ಹಳೆಯ ತರಬೇತಿ ವಿಧಾನದಲ್ಲಿ ಶೇ 28ರಷ್ಟು ಜನರಿಗೆ. ಒಂದು ದಿನವೆಂಬ ಅಳತೆಗೋಲು ತೀರ ಗಿಡ್ಡ, ನಿಜ. ಆದರೂ ದುಪ್ಪಟ್ಟು ದುಪ್ಪಟ್ಟೇ.

ಕರ್ನಾಟಕದಲ್ಲಿ ಕುಳಿತು ಇದನ್ನೆಲ್ಲ ಓದುವಾಗ ತಟ್ಟನೆ ಕಾಣುವುದು ಬೇರೆ. ನಮ್ಮಲ್ಲಿ ತೀವ್ರ ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಮಂದಿ ಆಸ್ಪತ್ರೆಯಲ್ಲಿಲ್ಲ, ಮನೆಯಲ್ಲಿದ್ದಾರೆ. ಕಾಯಿಲೆ ಬಂದ ಮೇಲೆ ಪಟ್ಟಣದ ನೌಕರಿ ಬಿಟ್ಟು ಊರಿಗೆ ಮರಳಿದ ಅಣ್ಣ ದನ ಕಾಯುತ್ತಾನೆ, ಸೌದೆ ಒಡೆಯುತ್ತಾನೆ, ಅಡಿಕೆ ಸುಲಿಯುವ ಕಾಲದಲ್ಲಿ ಎಲ್ಲರಿಗಿಂತ ಮೊದಲು ಕೂರುತ್ತಾನೆ. ಸುಲಿಯಲು ಬಂದ ಆಳಿಗೆ ಲೆಕ್ಕದ ಪ್ರಕಾರ ಕೂಲಿ, ಅವನಿಗೆ ಊಟ. ಕೇಳಿದರೆ, ‘ಅಯ್ಯೋ, ನಾವೇ ನೋಡ್ಕೋತಿದೀವಲ್ಲ, ಅವನಿಗ್ಯಾಕೆ ದುಡ್ಡು?’ ಎನ್ನುತ್ತಾರೆ. ಸುಳ್ಳಲ್ಲ, ನೋಡಿಕೊಳ್ಳುತ್ತಿದ್ದಾರೆ. ಸರ್ಕಾರ ಮಾಡಬೇಕಾದ ಕೆಲಸವನ್ನೂ ಅವರೇ ಮಾಡುತ್ತಿದ್ದಾರೆ. ಆದರೆ ಅವನ ಜೇಬಿನಲ್ಲಿ ಬಸ್ಸಿನ ಚಾರ್ಜಿಗೂ ಕಾಸಿರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ಹೊಲಿಗೆ ಕಲಿಸುವ ಘಟಕಗಳಿವೆ. ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ. ಕಾನೂನಂತೂ ಚೆನ್ನಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 20ನೇ ಕಲಮು, ಚಿಕಿತ್ಸಾ ಸಂಸ್ಥೆಯಲ್ಲಿರುವವರಿಂದ ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದರೆ ತಕ್ಕ ಸಂಭಾವನೆ ಕೊಡಬೇಕು ಎನ್ನುತ್ತದೆ. ತ್ರಿಯೆಸ್ತೆಯವರು 1972ರಲ್ಲಿ ಹೊಡೆದಾಡಿ ಪಡೆದದ್ದು ನಮ್ಮಲ್ಲಿ ಒಂದು ಉಪಕಲಮಾಗಿ ಸದ್ದಿಲ್ಲದೆ ಕೂತಿದೆ. ಸಂಸ್ಥೆಯ ಗೇಟು ದಾಟಿದರೆ ಮಾತ್ರ ಅದು ಅನ್ವಯಿಸದು.

ಗೇಟಿನಾಚೆಗೆ ಇರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟನ್ನು ಮಾನಸಿಕ ಕಾಯಿಲೆಯವರು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಬಹುವಿಧ ಅಂಗವೈಕಲ್ಯ ಇರುವವರೊಂದಿಗೆ ಹಂಚಿಕೊಳ್ಳಬೇಕು. ಅದಕ್ಕೆ ಅಂಗವೈಕಲ್ಯ ಕನಿಷ್ಠ ಶೇ 40 ಇದೆಯೆಂಬ ಪ್ರಮಾಣಪತ್ರ ಬೇಕು. ಅಳೆಯುವ ವಿಧಾನಕ್ಕೆ ‘ಐಡಿಯಾಸ್’ ಎನ್ನುತ್ತಾರೆ. ನಾಲ್ಕು ವಿಷಯಗಳಿಗೆ ತಲಾ ಸೊನ್ನೆಯಿಂದ ನಾಲ್ಕರವರೆಗೆ ಅಂಕ: ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ತಿಳಿವಳಿಕೆ, ಕೊನೆಯದು ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಇನ್ನೊಂದಿಷ್ಟು. ಒಟ್ಟು ಅಂಕ ಗೊತ್ತುಪಡಿಸಿದ ಗೆರೆ ಮುಟ್ಟಿದರೆ ಶೇ 40 ಆದಂತೆ, ಅದರ ಕೆಳಗೆ ನಿಂತರೆ ಇಲ್ಲ. ಕಿರಾಣಿ ಅಂಗಡಿಯಲ್ಲಿ ಹೇಗೋ ನಿಭಾಯಿಸಿ ವರ್ಷವಿಡೀ ಲೆಕ್ಕ ಬರೆದವನಿಗೆ ಕೊನೆಯ ವಿಷಯದಲ್ಲಿ ಅಂಕ ಇಳಿಯುತ್ತದೆ. ಆ ಇಳಿತದಿಂದ ಮೊತ್ತ ಆ ಗೆರೆಯ ಕೆಳಗೆ ಬಂತೆಂದರೆ ಮೀಸಲಾತಿ ನೌಕರಿಯ ಅರ್ಹತೆ ಹೋಗುತ್ತದೆ, ಪಿಂಚಣಿಗೂ ಕುತ್ತು. ತಪಾಸಣೆಗೆ ಹೊರಟವನನ್ನು ಬಾಗಿಲಲ್ಲಿ ತಡೆದು, ‘ಅಂಗಡಿ ವಿಷಯ ಡಾಕ್ಟರ ಮುಂದೆ ಎತ್ತಬೇಡ ಕಣಪ್ಪಾ’ ಎಂದು ತಾಯಿ ಹೇಳಿದರೆ ಆಕೆಯನ್ನು ದೂರುವುದು ಹೇಗೆ?